ಸಾಮಾಜಿಕ ನ್ಯಾಯದ ಸಂಸ್ಥೆಗೆ ಹಣಕಾಸು ಮುಖ್ಯಸ್ಥರು: ಸಿಎ, ನಿವೃತ್ತ ಬ್ಯಾಂಕ್ ಅಧಿಕಾರಿ, ನಮ್ಮದೇ ಅಕೌಂಟೆಂಟ್ – ಯಾರನ್ನು ಆರಿಸೋಣ?

ಕಳೆದ ಕೆಲವು ತಿಂಗಳಲ್ಲಿ ಒಂದೇ ಪ್ರಶ್ನೆ ನಾಲ್ಕು ಕಡೆಯಿಂದ ಬಂತು. ಮಂಗಳೂರಿನ ಇಬ್ಬರು ಟ್ರಸ್ಟಿಗಳು ಕೇಳಿದರು. ಉಡುಪಿಯ ಒಬ್ಬರು ಕೇಳಿದರು. ಕುಂದಾಪುರದಿಂದ ಒಬ್ಬರು ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರು. "ಸಂಸ್ಥೆ ಬೆಳೀತಾ ಇದೆ. ಲೆಕ್ಕಪತ್ರ ನೋಡಿಕೊಳ್ಳಲು ಹಿರಿಯರೊಬ್ಬರು ಬೇಕು. ಸಿಎ ತೆಗೆದುಕೊಳ್ಳೋಣವಾ? ಬ್ಯಾಂಕಿನಿಂದ ರಿಟೈರ್ ಆದವರು ಸಾಕಾ? ಇಲ್ಲ, ನಮ್ಮ ಅಕೌಂಟೆಂಟನ್ನೇ ಮೇಲೆ ತರೋಣವಾ?"

ನಾನು ಈ ಎರಡು ಜಿಲ್ಲೆಗಳ ಸಂಸ್ಥೆಗಳಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವಳು. ಈಗ ಅಂಥ ಸಂಸ್ಥೆಗಳು ಸಂದರ್ಶನಕ್ಕೆ ಕರೆದಾಗ ಹೋಗಿ ಕೂರುತ್ತೇನೆ. ಎಲ್ಲರಿಗೂ ಒಗ್ಗುವ ಒಂದು ಉತ್ತರ ನನ್ನ ಹತ್ತಿರ ಇಲ್ಲ. ಆದರೆ ನಿಮ್ಮ ಸಂಸ್ಥೆಗೆ ಯಾವುದು ಸರಿ ಅಂತ ನೀವೇ ಕಂಡುಕೊಳ್ಳುವ ದಾರಿ ಇದೆ. ಅದನ್ನು ಇಲ್ಲಿ ಬರೆಯುತ್ತೇನೆ.

ಮೊದಲು, ಈ ಕೆಲಸ ಬೇರೆ ಲೆಕ್ಕದ ಕೆಲಸದ ಹಾಗಲ್ಲ

ನಮ್ಮದು ಅಂಗಡಿಯಲ್ಲ, ಕಾರ್ಖಾನೆಯಲ್ಲ. ಕೊರಗ ಸಮುದಾಯದ ಮಕ್ಕಳ ಓದು, ಬೀಡಿ ಕಟ್ಟುವ ಹೆಂಗಸರ ಹಕ್ಕು, ಹೊಡೆತ ತಿಂದು ಮನೆ ಬಿಟ್ಟು ಬಂದವರಿಗೆ ಕಾನೂನು ನೆರವು, ಬೆಳ್ತಂಗಡಿ ಕಡೆಯ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಆರೈಕೆ. ಇಂಥ ಕೆಲಸಕ್ಕೆ ಬರುವ ಪ್ರತಿ ರೂಪಾಯಿಯ ಹಿಂದೆ ಒಂದು ಷರತ್ತು ಇರುತ್ತದೆ. ಕೊಟ್ಟವರು ಹೇಳಿದ್ದಕ್ಕೆ ಮಾತ್ರ ಖರ್ಚು ಮಾಡಬೇಕು. ಉಳಿದರೆ ಅದು ಲಾಭವಲ್ಲ, ತೀರಿಸಬೇಕಾದ ಋಣ.

ಇನ್ನೊಂದು ಮಾತು. ಹಣ ತಡವಾದರೆ ಕಂಪನಿಯಲ್ಲಿ ಒಬ್ಬ ವ್ಯಾಪಾರಿಗೆ ಬೇಜಾರಾಗುತ್ತದೆ. ನಮ್ಮಲ್ಲಿ ತಡವಾದರೆ ಅದು ಎಲ್ಲರಿಗಿಂತ ಬಡವರ ತಲೆ ಮೇಲೆ ಬೀಳುತ್ತದೆ. ನಾನು ಕೆಲಸ ಮಾಡಿದ ಒಂದು ಕಡೆ ಕಾರ್ಯಕರ್ತೆಯೊಬ್ಬಳು ಮಹಿಳೆಯರ ಸಭೆಗೆ ಸಭಾಂಗಣದ ಬಾಡಿಗೆ, ಚಾ, ತಿಂಡಿ ಎಲ್ಲ ತನ್ನ ಕೈಯಿಂದ ಕೊಟ್ಟಿದ್ದಳು. ಬಿಲ್ಲು ಪಾಸಾಗಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಆಕೆ ಸ್ವಸಹಾಯ ಸಂಘದಿಂದ ಸಾಲ ತೆಗೆದು ಮನೆ ನಡೆಸಿದಳು ಅಂತ ನನಗೆ ತಿಳಿದದ್ದು ಎಷ್ಟೋ ಸಮಯದ ಮೇಲೆ. ಲೆಕ್ಕದಲ್ಲಿ ಒಂದು ಪೈಸೆ ತಪ್ಪಿರಲಿಲ್ಲ. ಆಡಿಟರ್ ಸಹಿ ಹಾಕಿದ್ದರು. ಆದರೂ ನಾವು ಮಾಡಿದ್ದು ಅನ್ಯಾಯವೇ. ಹಣಕಾಸು ಮುಖ್ಯಸ್ಥರನ್ನು ಹುಡುಕುವಾಗ ನನ್ನ ಕಣ್ಣ ಮುಂದೆ ಈಗಲೂ ಆ ಹುಡುಗಿಯೇ ಇರುತ್ತಾಳೆ.

ಯಾವುದನ್ನು ಇಟ್ಟುಕೊಂಡು ಅಳೆಯಬೇಕು

ಮೊದಲನೆಯದು, ನಿಮ್ಮ ಹಣ ಎಲ್ಲಿಂದ ಬರುತ್ತದೆ? ಊರಿನವರ ದೇಣಿಗೆ ಮಾತ್ರವೇ, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣವೇ, ವಿದೇಶದ್ದೇ? ಇದರ ಮೇಲೆ ಅರ್ಧ ಉತ್ತರ ನಿಂತಿದೆ. ವಿದೇಶಿ ದೇಣಿಗೆ ಇದ್ದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾನೂನು ಬರುತ್ತದೆ. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಬಂದು ಬೀಳಬೇಕಾದದ್ದು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಅದನ್ನು ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ಖರ್ಚು ಮೊದಲು 50 ಶೇಕಡಾವರೆಗೆ ಆಗುತ್ತಿತ್ತು, ಈಗ 20 ಶೇಕಡಾ ದಾಟುವಂತಿಲ್ಲ. ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆರ್ಥಿಕ ವರ್ಷ ಮುಗಿದ ಒಂಬತ್ತು ತಿಂಗಳೊಳಗೆ, ಅಂದರೆ ಡಿಸೆಂಬರ್ 31ರೊಳಗೆ, ವಾರ್ಷಿಕ ವಿವರ ಹೋಗಬೇಕು. ಇದರಲ್ಲಿ ಒಂದು ತಪ್ಪಿದರೂ ಸಂಸ್ಥೆಯ ಬಾಗಿಲಿಗೇ ಬೀಗ ಬೀಳಬಹುದು.

ಎರಡನೆಯದು, ಈಗ ನಿಮ್ಮಲ್ಲಿ ನಿಂತುಹೋಗಿರುವ ಕೆಲಸ ಯಾವುದು? ಹಣಕಾಸಿನಲ್ಲಿ ಮೂರು ಪದರ ಇದೆ. ಕೆಳಗೆ ದಿನದ ಲೆಕ್ಕ: ವೋಚರ್, ಟ್ಯಾಲಿ ಸಾಫ್ಟ್‌ವೇರ್, ಸಂಬಳ, ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ). ಅದರ ಮೇಲೆ ಕಾನೂನು ಪಾಲನೆ: ಸಂಸ್ಥೆಯ ತೆರಿಗೆ ವಿನಾಯಿತಿಗೆ 12ಎಬಿ, ದಾನಿಗಳ ತೆರಿಗೆ ರಿಯಾಯಿತಿಗೆ 80ಜಿ ನೋಂದಣಿ (ಹಳೆಯ ಆದಾಯ ತೆರಿಗೆ ಕಾಯ್ದೆಯ ಸಂಖ್ಯೆಗಳು), ಆಡಿಟ್, ವರದಿಗಳು. ಎಲ್ಲಕ್ಕಿಂತ ಮೇಲೆ ಮುಂದಾಲೋಚನೆ: ಮುಂದಿನ ಎರಡು ವರ್ಷ ಹಣ ಎಲ್ಲಿಂದ ಬರುತ್ತದೆ, ಈ ಅನುದಾನ ಒಪ್ಪಬೇಕಾ ಬೇಡವಾ, ಒಂದು ಪ್ರಾಜೆಕ್ಟ್ ನಿಂತರೆ ಎಷ್ಟು ಜನರ ಸಂಬಳ ನಿಲ್ಲುತ್ತದೆ. ಹೆಚ್ಚಿನ ಸಂಸ್ಥೆಗಳಲ್ಲಿ ಕೊರತೆ ಇರುವುದು ಕೆಳಗಿನ ಪದರದಲ್ಲಿ. ಜಾಹೀರಾತು ಕೊಡುವುದು ಮಾತ್ರ ಮೇಲಿನ ಪದರದ ವ್ಯಕ್ತಿಗೆ. ಅವರು ಬಂದು ಆರು ತಿಂಗಳು ವೋಚರ್ ಹುಡುಕುತ್ತಾ ಕೂರುತ್ತಾರೆ, ಏಳನೆಯ ತಿಂಗಳು ಬಿಟ್ಟು ಹೋಗುತ್ತಾರೆ. ಇದನ್ನು ನಾನು ಒಂದಲ್ಲ, ಮೂರು ಕಡೆ ನೋಡಿದ್ದೇನೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಈ ವ್ಯಕ್ತಿ ಸ್ಥಾಪಕರಿಗೆ "ಆಗುವುದಿಲ್ಲ" ಎನ್ನಬಲ್ಲರಾ? ನಮ್ಮ ಹೆಚ್ಚಿನ ಸಂಸ್ಥೆಗಳು ಒಬ್ಬರ ಕನಸಿನಿಂದ ಹುಟ್ಟಿದವು. ಅವರ ಮೇಲೆ ಎಲ್ಲರಿಗೂ ಗೌರವ. ಆದರೆ ಟ್ರಸ್ಟಿಯ ತಮ್ಮನ ಕಟ್ಟಡಕ್ಕೆ ಮಾರುಕಟ್ಟೆಗಿಂತ ಜಾಸ್ತಿ ಬಾಡಿಗೆ ಕೊಟ್ಟರೆ ತೆರಿಗೆ ವಿನಾಯಿತಿಗೇ ಕುತ್ತು ಬರಬಹುದು. ಆ ಹೊತ್ತಿಗೆ ತಲೆ ಎತ್ತಿ, ಧ್ವನಿ ಏರಿಸದೆ, ಬೇಡ ಅನ್ನುವವರು ಬೇಕು.

ನಾಲ್ಕನೆಯದು ಫೀಲ್ಡಿನ ಜೊತೆ ಮಾತು. ತುಳು ಬಂದರೆ ತುಂಬ ಒಳ್ಳೆಯದು. ಬ್ಯಾರಿ, ಕೊಂಕಣಿ ಬಂದರೆ ಇನ್ನೂ ಚೆಂದ. ಕನ್ನಡ ಬಾರದವರಿಗೆ ಈ ಕುರ್ಚಿ ಕಷ್ಟ.

ಐದನೆಯದು ಸಂಬಳ. ಅದರ ಬಗ್ಗೆ ಮುಂದೆ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಜನ ಹೆಚ್ಚು ತಪ್ಪುತ್ತಾರೆ.

ಕಂಪನಿಯಲ್ಲಿ ಪಳಗಿದ ಸಿಎ

ನಮ್ಮ ಕಡೆ ಸಿಎಗಳಿಗೆ ಬರ ಇಲ್ಲ. ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯ ಶಾಖೆ ಮಂಗಳೂರಿನಲ್ಲೂ ಇದೆ, ಉಡುಪಿಯಲ್ಲೂ ಇದೆ. ಮುಂಬೈ, ಬೆಂಗಳೂರು, ಗಲ್ಫ್‌ನಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದು, ವಯಸ್ಸಾದ ಅಪ್ಪ ಅಮ್ಮನಿಗಾಗಿ ಊರಿಗೆ ಮರಳುವವರೂ ಇದ್ದಾರೆ. ಇಂಥವರು ಸಿಕ್ಕಿದರೆ ಅದೃಷ್ಟ ಅಂತ ನಾವು ಅಂದುಕೊಳ್ಳುತ್ತೇವೆ. ಹಲವು ಸಲ ಅದು ನಿಜವೂ ಹೌದು.

ಇವರು ಬಂದರೆ ಮೊದಲ ತಿಂಗಳಿಂದ ಒಂದು ಶಿಸ್ತು ಬರುತ್ತದೆ. ತಿಂಗಳು ತಿಂಗಳು ಬಜೆಟ್ ಎಷ್ಟಿತ್ತು, ಖರ್ಚು ಎಷ್ಟಾಯಿತು ಎಂಬ ಹಾಳೆ ಟ್ರಸ್ಟಿಗಳ ಕೈಗೆ ಬರುತ್ತದೆ. ದೊಡ್ಡ ದಾನಿಗಳ ಮುಂದೆ ಕೂತು ಅವರಿಗೆ ಅರ್ಥವಾಗುವ ಹಾಗೆ ಮಾತಾಡುತ್ತಾರೆ. ಸಿಎಸ್‌ಆರ್ ಹಣ ತರಲು ಹೊರಟವರಿಗೆ ಇದು ದೊಡ್ಡ ಬಲ. 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳು ತಮ್ಮ ಸರಾಸರಿ ಲಾಭದ 2 ಶೇಕಡಾ ಇಂಥ ಕೆಲಸಕ್ಕೆ ಇಡಬೇಕು ಅಂತ ಕಂಪನಿ ಕಾಯ್ದೆಯ ಸೆಕ್ಷನ್ 135 ಹೇಳುತ್ತದೆ. ಆ ಕಡೆಯ ಮೇಜಿನಲ್ಲಿ ಕೂತು ಬಂದವರಿಗೆ ಕಂಪನಿಯವರು ಏನು ಕೇಳುತ್ತಾರೆ ಅಂತ ಗೊತ್ತಿರುತ್ತದೆ.

ತೊಡಕು ಎಲ್ಲಿ? ಮೊದಲ ವರ್ಷ ಇವರಿಗೆ ನಮ್ಮ ಲೋಕ ತಲೆಕೆಳಗಾಗಿ ಕಾಣುತ್ತದೆ. ಹಣ ಉಳಿಸಿದ್ದು ಜಾಣತನ ಅಂತ ಅಂದುಕೊಂಡಿರುತ್ತಾರೆ. ಇಲ್ಲಿ ತೆರಿಗೆ ವಿನಾಯಿತಿ ಬೇಕಾದರೆ ವರ್ಷದ ಆದಾಯದ 85 ಶೇಕಡಾ ಉದ್ದೇಶಕ್ಕೇ ಖರ್ಚಾಗಬೇಕು. ದೇಶದೊಳಗಿನ ಹಣದಿಂದ ಒಂದು ಟ್ರಸ್ಟ್ ಇನ್ನೊಂದು ಟ್ರಸ್ಟಿಗೆ 100 ರೂಪಾಯಿ ಕೊಟ್ಟರೆ 85 ಮಾತ್ರ ಖರ್ಚಿನ ಲೆಕ್ಕಕ್ಕೆ ಬರುತ್ತದೆ. ಇದೆಲ್ಲ ಕಲಿಯಬಹುದು, ಕಲಿಯುತ್ತಾರೆ. ಕಲಿಯಲು ಕಷ್ಟವಾದದ್ದು ಬೇರೆ. ಕಾಡಂಚಿನ ಹಾಡಿಯಲ್ಲಿ ಬುಟ್ಟಿ ಹೆಣೆಯುವವರಿಗೆ ಜಿಎಸ್‌ಟಿ ಬಿಲ್ಲು ಕೊಡಿ ಅಂದರೆ ಅವರು ಎಲ್ಲಿಂದ ತರಬೇಕು? ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಡಬಾರದು ಎಂಬುದು ನಿಯಮ. ನಲವತ್ತು ಹೆಂಗಸರಿಗೆ ತಲಾ ಇನ್ನೂರು ರೂಪಾಯಿ ಬಸ್ ಚಾರ್ಜು ನಗದಾಗಿ ಕೊಡುವುದಕ್ಕೆ ಆ ನಿಯಮ ಅಡ್ಡ ಬರುವುದಿಲ್ಲ. ಆದರೆ ಕಂಪನಿಯಿಂದ ಬಂದವರು ನಗದು ಅಂದ ಕೂಡಲೇ ಬೇಡ ಅನ್ನುತ್ತಾರೆ. ನಿಯಮ ಎಲ್ಲಿ ಮುಗಿಯುತ್ತದೆ, ಅಭ್ಯಾಸ ಎಲ್ಲಿ ಶುರುವಾಗುತ್ತದೆ ಅಂತ ತಿಳಿದುಕೊಳ್ಳುವ ತಾಳ್ಮೆ ಇವರಿಗಿದೆಯಾ ಅಂತ ನೋಡಿ.

ಸಂಬಳದ ಮಾತು ಇಲ್ಲೇ ಹೇಳಿಬಿಡುತ್ತೇನೆ. ವರ್ಷಕ್ಕೆ 1 ಕೋಟಿ ವಿದೇಶಿ ದೇಣಿಗೆ ಬಂದು ಪೂರ್ತಿ ಖರ್ಚಾಗುತ್ತದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಆಡಳಿತಕ್ಕೆ ಸಿಗುವುದು 20 ಲಕ್ಷ. ಆಫೀಸಿನ ಬಾಡಿಗೆ, ಲೆಕ್ಕ ಬರೆಯುವ ಖರ್ಚು, ವಕೀಲರ ಮತ್ತು ಆಡಿಟರ ಫೀಸು, ವಾಹನ, ಮೇಲ್ವಿಚಾರಕರ ಸಂಬಳ ಎಲ್ಲ ಇದರೊಳಗೆ. ಹಣಕಾಸು ಮುಖ್ಯಸ್ಥರಿಗೆ 15 ಲಕ್ಷ ಕೊಟ್ಟು ಅದನ್ನು ಪೂರ್ತಿ ಇದೇ ಹಣದಲ್ಲಿ ತೋರಿಸಿದರೆ ಉಳಿಯುವುದು 5 ಲಕ್ಷ. ಆಫೀಸು ನಡೆಯುವುದು ಹೇಗೆ? ಹಾಗಾಗಿ ದೇಶದೊಳಗಿನ ದೇಣಿಗೆ, ಬಡ್ಡಿ, ಸಿಎಸ್‌ಆರ್, ಯಾವುದರಿಂದ ಎಷ್ಟು ಪಾಲು ಸಂಬಳಕ್ಕೆ ಹೋಗುತ್ತದೆ ಅಂತ ಆಫರ್ ಲೆಟರ್ ಕೊಡುವ ಮೊದಲು ಬರೆದಿಟ್ಟುಕೊಳ್ಳಿ. ಸಂಬಳ ಕೊಡುವ ಪ್ರಾಜೆಕ್ಟ್ ಎರಡು ವರ್ಷಕ್ಕೆ ಮುಗಿಯುವುದಾದರೆ ಅದನ್ನೂ ಬರುವವರಿಗೆ ಮೊದಲೇ ಹೇಳಿಬಿಡಿ.

ನಿವೃತ್ತ ಬ್ಯಾಂಕ್ ಅಧಿಕಾರಿ

ಇದು ನಮ್ಮ ಕರಾವಳಿಗೆ ಸಿಕ್ಕ ವರ ಅಂತ ನಾನು ಮನಸ್ಸಿನಿಂದ ನಂಬಿದ್ದೇನೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕ್ ಶುರು ಮಾಡಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಈ ಎರಡು ಜಿಲ್ಲೆಗಳ ಹಾಗೆ ಮನೆಗೊಬ್ಬರು ಬ್ಯಾಂಕಿನವರು ಇರುವ ಊರುಗಳು ಕಡಿಮೆ. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಆದರೆ ಅಲ್ಲಿ ಪಳಗಿದವರು ಇಲ್ಲೇ ಇದ್ದಾರೆ. ಮಣಿಪಾಲದಲ್ಲಿ, ಕದ್ರಿಯಲ್ಲಿ, ಕಾರ್ಕಳದಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವಾಗ ಸಿಗುತ್ತಾರೆ.

ಇವರ ಒಳ್ಳೆಯ ಗುಣ ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಇವರಿಗೆ ಇನ್ನೊಬ್ಬರ ದುಡ್ಡಿನ ಭಯ ಇದೆ. ಸಂಜೆ ಕ್ಯಾಶ್ ತಾಳೆಯಾಗದೆ ಮನೆಗೆ ಹೋದವರಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕಬೇಕು ಎಂಬುದು ಇವರ ರಕ್ತದಲ್ಲಿದೆ. ಸಹಿ ಹಾಕಿದ ಖಾಲಿ ಚೆಕ್ ಡ್ರಾಯರಲ್ಲಿ ಇಡುವ ಸಂಸ್ಥೆಗಳನ್ನು ನಾನು ನೋಡಿದ್ದೇನೆ. ಬ್ಯಾಂಕಿನವರು ಬಂದ ಮೊದಲ ವಾರವೇ ಅದು ನಿಲ್ಲುತ್ತದೆ. ಪಿಂಚಣಿ ಇರುವುದರಿಂದ ಸಂಬಳದ ಒತ್ತಡವೂ ಕಡಿಮೆ. "ಆಗುವುದಿಲ್ಲ" ಎನ್ನುವುದಕ್ಕೂ ಹೆದರುವುದಿಲ್ಲ. ಕೆಲಸ ಹೋದರೆ ಹೋಗಲಿ ಅನ್ನುವ ಧೈರ್ಯ ಅರವತ್ತರ ನಂತರ ಬರುತ್ತದೆ.

ಇವರಲ್ಲೂ ಎರಡು ಬಗೆ. ಹಳ್ಳಿಯ ಶಾಖೆಗಳಲ್ಲಿ ವರ್ಷಗಟ್ಟಲೆ ಇದ್ದು, ಸ್ವಸಹಾಯ ಸಂಘಗಳಿಗೆ ಸಾಲ ಕೊಟ್ಟು, ಮಳೆಗಾಲದಲ್ಲಿ ಬೈಕಿನಲ್ಲಿ ಮನೆ ಮನೆಗೆ ಹೋದವರು ಒಂದು ಬಗೆ. 1928ರಲ್ಲಿ ಸಿಂಡಿಕೇಟ್ ಶುರು ಮಾಡಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಕೂಡಿಡುವವರ ಬಾಗಿಲಿಗೆ ಬ್ಯಾಂಕೇ ಹೋಗುತ್ತಿತ್ತಲ್ಲ, ಆ ಸಂಪ್ರದಾಯದ ಜನ ಇವರು. ಹೆಡ್ ಆಫೀಸಿನಲ್ಲೇ ಮೂವತ್ತು ವರ್ಷ ಸುತ್ತೋಲೆ ಓದಿದವರು ಇನ್ನೊಂದು ಬಗೆ. ನಮಗೆ ಮೊದಲನೆಯವರು ಬೇಕು. ಸಂದರ್ಶನದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಇದೇ: "ನೀವು ಹಳ್ಳಿಯ ಶಾಖೆಯಲ್ಲಿದ್ದಾಗ, ಕಾಗದ ಸರಿ ಇಲ್ಲದಿದ್ದರೂ ಈ ಮನುಷ್ಯನಿಗೆ ಸಾಲ ಕೊಡಲೇಬೇಕು ಅನಿಸಿದ್ದು ಯಾವಾಗ? ಆಮೇಲೆ ಏನು ಮಾಡಿದಿರಿ?" ಒಳ್ಳೆಯ ಅಧಿಕಾರಿ ಕಾಗದ ಸರಿ ಮಾಡಿಸಿದ ಕಥೆ ಹೇಳುತ್ತಾರೆ. ನಿಯಮ ಮುರಿದೆ ಅಂದವರೂ ಬೇಡ, ಹಾಗೆ ಯಾವತ್ತೂ ಅನಿಸಲೇ ಇಲ್ಲ ಅಂದವರೂ ಬೇಡ.

ಕೊರತೆಗಳೂ ಇವೆ. ಬ್ಯಾಂಕಿನವರು ಹಣ ಕಾಯುವುದರಲ್ಲಿ ನಿಪುಣರು. ಹಣ ಎಲ್ಲಿಂದ ತರಬೇಕು, ಮುಂದಿನ ವರ್ಷದ ಬಜೆಟ್ ಹೇಗೆ ಕಟ್ಟಬೇಕು ಎಂಬುದು ಅವರ ಕೆಲಸವಾಗಿರಲಿಲ್ಲ. ಟ್ರಸ್ಟಿನ ತೆರಿಗೆ ನಿಯಮವೂ ಹೊಸದು. ದಾನಿಗಳಿಗೆ ಕಳಿಸುವ ವರದಿ ಬರೆಯಲು ಜೊತೆಗೊಬ್ಬರು ಬೇಕು. ಆರೋಗ್ಯದ ಮಾತೂ ಇದೆ, ಮಾರಾಯ್ರೆ. ಅರವತ್ತೆರಡರ ಮನುಷ್ಯರನ್ನು ಮಂಗಳೂರಿನಿಂದ ಉಡುಪಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬನ್ನಿ ಅನ್ನುವುದು ಸರಿಯಲ್ಲ. ವಾರಕ್ಕೆ ಮೂರು ದಿನ ಅಂತ ಮಾಡಿಕೊಳ್ಳಿ. ಮೂರು ವರ್ಷದ ಮೇಲೆ ಯಾರು ಅಂತ ಮೊದಲ ದಿನವೇ ಯೋಚಿಸಿ.

ನಮ್ಮಲ್ಲೇ ಬೆಳೆದವರು

ನನ್ನ ಒಲವು ಈ ಕಡೆ ಅಂತ ಮುಚ್ಚಿಡುವುದಿಲ್ಲ. ಹತ್ತು ಹನ್ನೆರಡು ವರ್ಷದಿಂದ ನಿಮ್ಮ ಲೆಕ್ಕ ಬರೆಯುತ್ತಿರುವ ಒಬ್ಬರು ಇರುತ್ತಾರೆ. ಹೆಚ್ಚಾಗಿ ಹೆಣ್ಣುಮಗಳು. ಬಿಕಾಂ ಓದಿ ಸೇರಿದವಳು. ಯಾವ ದಾನಿ ಯಾವ ತಿಂಗಳು ಹಣ ಕಳಿಸುತ್ತಾರೆ, ಯಾವ ಕಾರ್ಯಕರ್ತರು ಬಿಲ್ಲು ತಡ ಮಾಡುತ್ತಾರೆ, 2018ರ ಆ ಬಾಕಿ ಯಾಕೆ ಉಳಿದಿದೆ, ಎಲ್ಲ ಅವಳ ತಲೆಯಲ್ಲಿ. ಟ್ರಸ್ಟಿಗಳು ಅವಳನ್ನು ಹೆಸರು ಹಿಡಿದು ಕರೆಯುತ್ತಾರೆ. ಹೊರಗಿನಿಂದ ಬರುವ ಮುಖ್ಯಸ್ಥರನ್ನು "ಸರ್" ಅನ್ನುತ್ತಾರೆ. ಆ ಸರ್‌ಗೆ ಮೊದಲ ವರ್ಷ ಎಲ್ಲ ಹೇಳಿಕೊಡುವವಳು ಅವಳೇ.

ಅವಳನ್ನು ಯಾಕೆ ಪರಿಗಣಿಸಲಿಲ್ಲ ಅಂತ ಕೇಳಿದರೆ "ಅವಳಿಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ" ಅನ್ನುತ್ತಾರೆ. 1897ರಲ್ಲಿ ಕುದ್ಮುಲ್ ರಂಗರಾಯರು ಇದೇ ಮಂಗಳೂರಿನಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಶಾಲೆಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರನ್ನು ಒಳಗೆ ಕೂರಿಸಿದರು. ಅಂಥ ಊರಿನಲ್ಲಿ ಸಾಮಾಜಿಕ ನ್ಯಾಯದ ಹೆಸರು ಹೇಳುವ ಸಂಸ್ಥೆ, ಇಂಗ್ಲಿಷ್ ಬಾರದ ಕಾರಣಕ್ಕೆ ತನ್ನದೇ ನೌಕರಳಿಗೆ ಬಾಗಿಲು ಮುಚ್ಚಿದರೆ ನನಗೆ ನೋವಾಗುತ್ತದೆ. ವರದಿಯ ಇಂಗ್ಲಿಷ್ ತಿದ್ದಿಕೊಡಲು ಜನ ಸಿಗುತ್ತಾರೆ. ಹನ್ನೆರಡು ವರ್ಷದ ನೆನಪನ್ನು ಯಾರೂ ತಂದುಕೊಡಲಾರರು.

ಹಾಗಂತ ನಿಜವಾದ ಅಡ್ಡಿಗಳನ್ನು ಮರೆಯಬಾರದು. ದೊಡ್ಡದು ಯಾವುದೆಂದರೆ, ಇಷ್ಟು ವರ್ಷ ಸ್ಥಾಪಕರು ಹೇಳಿದ್ದನ್ನು ಬರೆದುಕೊಂಡವಳು ನಾಳೆ ಅವರಿಗೇ "ಬೇಡ" ಅನ್ನುವುದು ಹೇಗೆ? ಅದಕ್ಕೆ ಸಂಸ್ಥೆ ಏರ್ಪಾಟು ಮಾಡಬೇಕು. ಆಕೆ ನೇರವಾಗಿ ಟ್ರಸ್ಟ್ ಮಂಡಳಿಗೆ ವರದಿ ಕೊಡುವ ಹಾಗೆ ಬರೆದು ಠರಾವು ಮಾಡಿ. ಮೂರು ತಿಂಗಳಿಗೊಮ್ಮೆ ಸ್ಥಾಪಕರು ಇಲ್ಲದೆ ಖಜಾಂಚಿ ಮತ್ತು ಆಡಿಟರ್ ಜೊತೆ ಅವಳು ಕೂರಲಿ. ಎರಡು ವರ್ಷ ಒಬ್ಬ ಹಿರಿಯ ಸಿಎ ತಿಂಗಳಿಗೆ ಎರಡು ದಿನ ಬಂದು ಹೇಳಿಕೊಡಲಿ. ಸಂಬಳವನ್ನೂ ಹುದ್ದೆಗೆ ತಕ್ಕಂತೆ ಏರಿಸಿ. ಹೆಸರು ಮಾತ್ರ ಬದಲಿಸಿ ಹಳೆಯ ಸಂಬಳದಲ್ಲೇ ದುಡಿಸುವುದು ಬೇಡ.

ಇನ್ನೊಂದು ಅಡ್ಡಿ, ಹಳೆಯ ತಪ್ಪುಗಳು ಹಾಗೇ ಮುಂದುವರಿಯುವುದು. ಒಬ್ಬರೇ ಹನ್ನೆರಡು ವರ್ಷ ನೋಡಿದ ಲೆಕ್ಕವನ್ನು ಬಡ್ತಿಗೆ ಮೊದಲು ಹೊರಗಿನವರಿಂದ ಒಮ್ಮೆ ಪರಿಶೀಲಿಸಿ. ಅನುಮಾನದಿಂದಲ್ಲ. ಮುಂದೆ ಯಾರಾದರೂ ಬೆರಳು ತೋರಿಸಿದರೆ ಅವಳ ರಕ್ಷಣೆಗೆ ಅದೇ ಕಾಗದ ನಿಲ್ಲುತ್ತದೆ.

ಹೊರಗಿನ ಸಿಎ ಕಚೇರಿ, ದೂರದಿಂದ ಕೆಲಸ, ಖಜಾಂಚಿ ಟ್ರಸ್ಟಿ

ತಿಂಗಳ ಫೀಸಿಗೆ ಸಿಎ ಕಚೇರಿಯವರೇ ಎಲ್ಲ ನೋಡಿಕೊಳ್ಳುವುದು ಸಣ್ಣ ಸಂಸ್ಥೆಗಳಿಗೆ ಒಳ್ಳೆಯ ದಾರಿ. ಕಡಿಮೆ ಖರ್ಚು, ದಿನಾಂಕ ತಪ್ಪುವುದಿಲ್ಲ. ಆದರೆ ನಿರ್ಧಾರದ ದಿನ ಅವರು ನಿಮ್ಮ ಆಫೀಸಿನಲ್ಲಿ ಇರುವುದಿಲ್ಲ. ತೆರಿಗೆ ವಿವರ ಸಲ್ಲಿಸುವ ಸೀಸನ್‌ನಲ್ಲಿ ಫೋನಿಗೂ ಸಿಗುವುದು ಕಷ್ಟ. ಒಂದನ್ನು ಮಾತ್ರ ಗಟ್ಟಿಯಾಗಿ ಹಿಡಿಯಿರಿ: ಪುಸ್ತಕ ಬರೆಯುವವರೇ ಆಡಿಟ್ ಮಾಡಬಾರದು. ನಿಮ್ಮದು ಲಾಭಕ್ಕಲ್ಲದ ಸೆಕ್ಷನ್ 8ರ ಕಂಪನಿಯಾಗಿದ್ದರೆ ಕಂಪನಿ ಕಾಯ್ದೆಯ ಸೆಕ್ಷನ್ 144 ಇದನ್ನು ತಡೆಯುತ್ತದೆ. ಟ್ರಸ್ಟ್, ಸೊಸೈಟಿಗಳೂ ಇದನ್ನೇ ಪಾಲಿಸಲಿ.

ಬೆಂಗಳೂರಿನ ದೊಡ್ಡ ಸಂಸ್ಥೆಗಳಲ್ಲಿ ಅನುದಾನದ ಲೆಕ್ಕ ಮಾಡಿ ಅನುಭವ ಇರುವವರು ದೂರದಿಂದಲೇ ಕೆಲಸ ಮಾಡಲು ಸಿಗುತ್ತಾರೆ. ಎಫ್‌ಸಿಆರ್‌ಎ ಇವರಿಗೆ ನೀರು ಕುಡಿದಷ್ಟು ಸುಲಭ. ಜೊತೆಗೆ ಇಲ್ಲಿ ಗಟ್ಟಿ ಅಕೌಂಟೆಂಟ್ ಇದ್ದರೆ ಇದು ನಡೆಯುತ್ತದೆ. ಇಲ್ಲದಿದ್ದರೆ ಸ್ಕ್ಯಾನ್ ಮಾಡಿದ ಬಿಲ್ಲಿನ ಹಿಂದಿನ ಮುಖ ಇವರಿಗೆ ಕಾಣುವುದೇ ಇಲ್ಲ. ಖಜಾಂಚಿ ಟ್ರಸ್ಟಿಯೇ ಸಂಬಳವಿಲ್ಲದೆ ಎಲ್ಲ ನೋಡುವುದು ಮೊದಲ ಎರಡು ಮೂರು ವರ್ಷಕ್ಕೆ ಸರಿ. ಅದಕ್ಕಿಂತ ಹೆಚ್ಚು ಅವರ ಮೇಲೆ ಹೊರಿಸಬೇಡಿ. ಮೇಲ್ವಿಚಾರಣೆ ಮಾಡಬೇಕಾದವರೇ ಕೆಲಸವನ್ನೂ ಮಾಡಿದರೆ ತಪ್ಪು ಕಾಣುವವರು ಯಾರು?

ನಿಮ್ಮ ಗಾತ್ರಕ್ಕೆ ಯಾವುದು

ಇದು ನನ್ನ ಅನುಭವದ ಅಂದಾಜು, ಕಾನೂನಲ್ಲ. ವರ್ಷದ ಖರ್ಚು 50 ಲಕ್ಷದೊಳಗೆ ಇದ್ದು, ವಿದೇಶಿ ಹಣ ಇಲ್ಲದಿದ್ದರೆ ನಿಮಗೆ ಹಣಕಾಸು ಮುಖ್ಯಸ್ಥರೇ ಬೇಡ. ಒಬ್ಬ ಒಳ್ಳೆಯ ಅಕೌಂಟೆಂಟ್, ತಿಂಗಳ ಫೀಸಿನ ಸಿಎ ಕಚೇರಿ, ಎಚ್ಚರದ ಖಜಾಂಚಿ, ಇಷ್ಟು ಸಾಕು.

50 ಲಕ್ಷದಿಂದ 3 ಕೋಟಿ ನಡುವೆ ಇರುವವರೇ ನನಗೆ ಹೆಚ್ಚು ಫೋನ್ ಮಾಡುವುದು. ಇವರಿಗೆ ನನ್ನ ಸಲಹೆ ಜೋಡಿ. ವಾರಕ್ಕೆ ಮೂರು ದಿನ ನಿವೃತ್ತ ಬ್ಯಾಂಕ್ ಅಧಿಕಾರಿ, ಅವರ ಪಕ್ಕದಲ್ಲಿ ನಿಮ್ಮದೇ ಅಕೌಂಟೆಂಟ್. ಮೂರು ವರ್ಷದಲ್ಲಿ ಕುರ್ಚಿ ಅವಳಿಗೆ ಎಂಬ ಒಪ್ಪಂದ ಮೊದಲೇ ಆಗಲಿ. ಒಬ್ಬರಿಗೆ ಧೈರ್ಯ ಇದೆ, ಇನ್ನೊಬ್ಬರಿಗೆ ನೆನಪಿದೆ. ಇಬ್ಬರನ್ನೂ ಸೇರಿಸಿದರೂ ಒಬ್ಬ ಪೂರ್ಣಾವಧಿ ಸಿಎಗೆ ಕೊಡುವುದಕ್ಕಿಂತ ಕಡಿಮೆಯಲ್ಲಿ ಮುಗಿಯಬಹುದು.

3 ಕೋಟಿ ದಾಟಿ, ವಿದೇಶಿ ಹಣ, ಸಿಎಸ್‌ಆರ್ ಎರಡೂ ಇದ್ದು, ಐದಾರು ದಾನಿಗಳಿಗೆ ಬೇರೆ ಬೇರೆ ವರದಿ ಹೋಗಬೇಕಾದರೆ ಪೂರ್ಣಾವಧಿ ಸಿಎ ಬೇಕು. ಆಗ ಚೌಕಾಸಿ ಮಾಡಬೇಡಿ. "ಸೇವೆ ತಾನೇ, ಸ್ವಲ್ಪ ಕಡಿಮೆ ತಗೊಳ್ಳಿ" ಎಂಬ ಮಾತು ನನಗೆ ಇಷ್ಟವಿಲ್ಲ. ಬೀಡಿ ಕಟ್ಟುವವರಿಗೆ ನ್ಯಾಯವಾದ ಕೂಲಿ ಕೇಳುವ ನಾವು ನಮ್ಮ ಆಫೀಸಿನೊಳಗೂ ಅದನ್ನೇ ಮಾಡಬೇಕು, ಅಲ್ವಾ?

ಸಂದರ್ಶನದ ದಿನ

ಯಾರನ್ನೇ ಕರೆದರೂ ಮೂರು ಪ್ರಶ್ನೆ ಕೇಳಿ. ಒಂದು: "ಮಾರ್ಚ್ 28ಕ್ಕೆ ದೊಡ್ಡ ಅನುದಾನ ಬಂತು. ಏನು ಮಾಡುತ್ತೀರಿ?" ಅವಸರದಲ್ಲಿ ಜೀಪು ಕೊಳ್ಳೋಣ ಅನ್ನುವವರು ಬೇಡ. ಅದು ಮೂಲನಿಧಿಗೆ (ಖರ್ಚು ಮಾಡದೆ ಇಟ್ಟುಕೊಳ್ಳುವ ನಿಧಿಗೆ) ಬಂದದ್ದಾ, ನಿರ್ದಿಷ್ಟ ಕೆಲಸಕ್ಕಾ ಅಂತ ಮೊದಲು ಕೇಳಿ, ನಂತರ ಅರ್ಜಿ ಕೊಟ್ಟು ಮುಂದಿನ ವರ್ಷದಲ್ಲಿ ಖರ್ಚು ಮಾಡುವ ದಾರಿ ಹೇಳುವವರು ಬೇಕು. ಎರಡು: "ವಿದೇಶದಿಂದ ಬಂದ ಹಣದಲ್ಲಿ ನಮ್ಮ ಜೊತೆಗಾರ ಸಂಸ್ಥೆಗೆ 2 ಲಕ್ಷ ಕೊಡಬಹುದಾ?" 2020ಕ್ಕೆ ಮೊದಲು ಕಲಿತು ಅಲ್ಲೇ ನಿಂತವರು ಇಲ್ಲಿ ಹೌದು ಅಂದುಬಿಡುತ್ತಾರೆ. ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನ 2026ರ ಏಪ್ರಿಲ್ 1. ಅದರೊಂದಿಗೆ ಸೆಕ್ಷನ್ ಸಂಖ್ಯೆಗಳೂ ಬದಲು. ಓದಿದ್ದಾರಾ ಅಂತ ಜೊತೆಗೇ ಕೇಳಿಬಿಡಿ.

ಮೂರನೆಯದನ್ನು ನಾನು ನನ್ನದೇ ತಪ್ಪಿನಿಂದ ಕಲಿತೆ. ಗಂಡನ ಹೊಡೆತ ತಾಳದೆ ಬಂದ ಒಬ್ಬಾಕೆಗೆ ಬಸ್ ಚಾರ್ಜು, ಎರಡು ಸೀರೆ, ಮಗುವಿಗೆ ಔಷಧಿ ಕೊಡಿಸಿದ್ದೆವು. ವೋಚರಿನಲ್ಲಿ ಅವಳ ಪೂರ್ತಿ ಹೆಸರು, ಈಗ ಇರುವ ವಿಳಾಸ ನಾನೇ ಬರೆದೆ. ಆ ಫೈಲು ನಾಲ್ಕು ಕೈ ದಾಟಿ ಆಡಿಟಿಗೆ ಹೋಯಿತು. ಪುಣ್ಯಕ್ಕೆ ಕೆಟ್ಟದ್ದೇನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ನಾವು ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟೆವು. ಹೆಸರಿನ ಪುಸ್ತಕ ಬೇರೆ ಕಪಾಟಿನಲ್ಲಿ, ಬೀಗದೊಳಗೆ. ಆಡಿಟರ್ ನೋಡಬೇಕೆಂದರೆ ಆಫೀಸಿನಲ್ಲೇ ಕೂತು ನೋಡಬೇಕು. ಹಾಗಾಗಿ ಕೇಳಿ: "ಇಂಥ ಹೆಂಗಸಿನ ಖರ್ಚಿಗೆ ರಸೀದಿ ಹೇಗೆ ಇಡುತ್ತೀರಿ?" ಉತ್ತರ ಪೂರ್ತಿ ಸರಿ ಇರಬೇಕೆಂದಿಲ್ಲ. ಪ್ರಶ್ನೆ ಕೇಳಿದ ಮೇಲೆ ಅವರು ಒಂದು ಕ್ಷಣ ನಿಂತು ಯೋಚಿಸುತ್ತಾರಾ ಅಂತ ನೋಡಿ.

ಕೊನೆಗೆ ಒಂದು ಹಾಳೆ ಲೆಕ್ಕ ಕೊಟ್ಟು, ಇದನ್ನು ನಮ್ಮ ಕಾರ್ಯಕರ್ತೆಯೊಬ್ಬಳಿಗೆ ತುಳುವಿನಲ್ಲೋ ಕನ್ನಡದಲ್ಲೋ ಹತ್ತು ನಿಮಿಷದಲ್ಲಿ ವಿವರಿಸಿ ಅನ್ನಿ. ಆ ಕಾರ್ಯಕರ್ತೆಯೂ ಸಂದರ್ಶನದ ಸಮಿತಿಯಲ್ಲಿ ಕೂರಲಿ, ಅವಳ ಅಂಕವನ್ನೂ ಎಣಿಸಿ. ಹಳೆಯ ಕೆಲಸದ ಕಡೆ ವಿಚಾರಿಸುವಾಗ ಅವರ ಮೇಲಧಿಕಾರಿಯನ್ನು ಮಾತ್ರ ಕೇಳಬೇಡಿ, ಅವರ ಕೈಕೆಳಗೆ ಇದ್ದ ಒಬ್ಬರನ್ನೂ ಕೇಳಿ.

ಸೇರಿಸಿಕೊಳ್ಳಲು ಒಳ್ಳೆಯ ಸಮಯ ಅಕ್ಟೋಬರ್, ನವೆಂಬರ್. ವರ್ಷಾಂತ್ಯಕ್ಕೆ ಮೊದಲು ಉಸಿರು ತೆಗೆದುಕೊಳ್ಳಲು ನಾಲ್ಕೈದು ತಿಂಗಳು ಸಿಗುತ್ತದೆ. ಮಾರ್ಚ್‌ನಲ್ಲಿ ಬಂದವರು ಈಜು ಕಲಿಯುವ ಮೊದಲೇ ನಡುನೀರಿನಲ್ಲಿ ಇರುತ್ತಾರೆ. ಬರುವವರು ಯಾರೇ ಆಗಲಿ, ಅವರು ಬರುವ ಮೊದಲು ಇಷ್ಟು ಮಾಡಿಡಿ: ಬ್ಯಾಂಕಿಗೆ ಸಹಿದಾರರು ಯಾರು ಯಾರು, ಆದಾಯ ತೆರಿಗೆ ಮತ್ತು ಎಫ್‌ಸಿಆರ್‌ಎ ಪೋರ್ಟಲಿನ ಪಾಸ್‌ವರ್ಡ್ ಯಾರ ಹತ್ತಿರ, ನೋಂದಣಿಗಳು ಮುಗಿಯುವ ದಿನಾಂಕ ಯಾವುದು, ಟ್ರಸ್ಟಿಗಳ ಡಿಜಿಟಲ್ ಸಹಿಯ ಪೆನ್‌ಡ್ರೈವ್ ಯಾರ ಡ್ರಾಯರಿನಲ್ಲಿದೆ. ಒಂದು ಹಾಳೆಯಲ್ಲಿ ಬರೆದು ಖಜಾಂಚಿಯ ಕೈಗೆ ಕೊಡಿ. ಇದಕ್ಕೆ ಯಾರಾದರೂ ಬರುವ ತನಕ ಕಾಯಬೇಕಿಲ್ಲ, ಈ ವಾರವೇ ಆಗುವ ಕೆಲಸ.